ಮನೆಯ ಸಣ್ಣಪುಟ್ಟ ವಸ್ತುಗಳಿಗೆ ಕಾರ್ಬನ್ ಫೈಬರ್ ಹೊದಿಸಬೇಕು, ಎಲ್ಲಿಂದ ಶುರು ಮಾಡಲಿ?

ಸ್ವಿಚ್ ಬೋರ್ಡ್, ವೈಫೈ ರೂಟರ್, ಫ್ಲಾಸ್ಕ್ ಎಂದು ಮೂರು ಹೆಸರು ಹೇಳಿದ್ದೀರಿ. ಮೊದಲೆರಡನ್ನು ಈಗಲೇ ಬಿಟ್ಟುಬಿಡಿ. ಕಾರ್ಬನ್ ಫೈಬರ್ ಅಂದರೆ ಇಂಗಾಲದ ಸಣ್ಣ ಎಳೆಗಳಿಂದ ನೇಯ್ದ ಕಪ್ಪು ಬಟ್ಟೆ. ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ಅನ್ನುವ ಅಂಟಿನಿಂದ ಅದನ್ನು ಕೂರಿಸುತ್ತಾರೆ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ, ಸ್ವಿಚ್ ಬೋರ್ಡ್ ಹತ್ತಿರ ಅದನ್ನು ತರಲೇಬಾರದು. ರೂಟರ್‌ಗೆ ಹೊದಿಸಿದರೆ ಸಿಗ್ನಲ್ ಹೊರಗೆ ಬರೋದು ಕಷ್ಟ. ಫ್ಲಾಸ್ಕ್ ಪರವಾಗಿಲ್ಲ, ಆದರೆ ಮೊದಲಿಗೆ ಒಂದು ದುಂಡನೆಯ ಮರದ ಪೆನ್ ಸ್ಟ್ಯಾಂಡೋ ಪಿವಿಸಿ ಪೈಪಿನ ತುಂಡೋ ಹಿಡಿಯಿರಿ. ಬಟ್ಟೆ ಒಂದೇ ಕಡೆಗೆ ಬಾಗಿದರೆ ಸಾಕು ಅನ್ನುವಂಥ ಮೈ ಸುಲಭ. ಉಂಡೆ ಆಕಾರ, ಚೂಪು ಮೂಲೆ ಇರುವಲ್ಲಿ ನೆರಿಗೆ ಬೀಳುತ್ತದೆ. ಬಕೆಟ್, ಅಡುಗೆಮನೆ ಡಬ್ಬದಂಥ ಪ್ಲಾಸ್ಟಿಕ್‌ಗೆ ಎಪಾಕ್ಸಿ ಸರಿಯಾಗಿ ಕಚ್ಚೋದೇ ಇಲ್ಲ.

ಇನ್ನೊಂದು ಮಾತು. ಇದು ಬರೀ ಅಲಂಕಾರ. ಒಂದು ಪದರ ಹೊದಿಸಿದ ಮಾತ್ರಕ್ಕೆ ಪೆನ್ ಸ್ಟ್ಯಾಂಡ್ ರೇಸ್ ಕಾರ್ ಆಗಲ್ಲ. ನೋಟ ಅಷ್ಟೇ ಸಾಕು ಅಂದರೆ ಪ್ರಿಂಟೆಡ್ ವಿನೈಲ್ ಸ್ಟಿಕ್ಕರ್ ಸಿಗುತ್ತದೆ, ಸುಮ್ನೆ ದುಡ್ಡು ಯಾಕೆ ಹಾಕ್ತೀರಿ.

ಮಾಡಿಯೇ ತೀರುತ್ತೀರಿ ಅಂದರೆ ಚದರ ಮೀಟರ್‌ಗೆ 200 ಗ್ರಾಂ ತೂಗುವ 3ಕೆ ಟ್ವಿಲ್ ಬಟ್ಟೆ ತಗೊಳ್ಳಿ. 3ಕೆ ಅಂದರೆ ಒಂದೊಂದು ಪಟ್ಟಿಯಲ್ಲೂ 3,000 ಎಳೆ. ಟ್ವಿಲ್ ಓರೆ ಗೆರೆಯ ನೇಯ್ಗೆ, ಚೆನ್ನಾಗಿ ಬಾಗುತ್ತದೆ. ಜೊತೆಗೆ ಬಿಸಿಲಿಗೆ ಬೇಗ ಹಳದಿಯಾಗದ ಪಾರದರ್ಶಕ ಎಪಾಕ್ಸಿ, ಅದಕ್ಕೆ ಬೆರೆಸುವ ಕಪ್ಪು ಪಿಗ್ಮೆಂಟ್ (ಬಣ್ಣ), 0.1 ಗ್ರಾಂ ತೋರಿಸುವ ತಕ್ಕಡಿ. ಹಾರ್ಡ್‌ನರ್ (ಎಪಾಕ್ಸಿಯನ್ನು ಗಟ್ಟಿ ಮಾಡುವ ಎರಡನೇ ದ್ರವ) ಅಂದಾಜಿನಲ್ಲಿ ಸುರಿಯಬೇಡಿ, ಡಬ್ಬದ ಮೇಲಿನ ಲೆಕ್ಕವೇ ಲೆಕ್ಕ. ಎಪಾಕ್ಸಿ ಬದಲು ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಆ ವಾಸನೆ ಮನೆಯೊಳಗೆ ಬೇಡ.

ವಸ್ತುವನ್ನು 120ರ ಉಪ್ಪು ಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಿ, ಒರೆಸಿ, ಕಪ್ಪು ಬಣ್ಣ ಬೆರೆಸಿದ ಎಪಾಕ್ಸಿಯನ್ನು ತೆಳ್ಳಗೆ ಬಳಿಯಿರಿ. ಈಗ ಕಾಯಬೇಕು. ಇಡೀ ಕೆಲಸ ನಿಂತಿರೋದು ಇದರ ಮೇಲೆ. ಗ್ಲೌಸ್ ಹಾಕಿದ ಬೆರಳಿಂದ ಮುಟ್ಟಿದರೆ ಅಂಟಂಟು ಅನಿಸಬೇಕು, ಬೆರಳಿಗೆ ಮಾತ್ರ ಏನೂ ಮೆತ್ತಬಾರದು. ಅದಕ್ಕಿಂತ ಮುಂಚೆ ಬಟ್ಟೆ ಇಟ್ಟರೆ ಜಾರುತ್ತದೆ, ತಡವಾದರೆ ಹಿಡಿಯಲ್ಲ. ಏಪ್ರಿಲ್ ಬಿಸಿಲಿಗೂ ಜುಲೈ ಮಳೆಗೂ ಈ ಹೊತ್ತು ಬೇರೆ ಬೇರೆ, ಹಾಗಾಗಿ ಗಡಿಯಾರ ಬಿಟ್ಟು ಬೆರಳನ್ನೇ ನಂಬಿ. ಬಟ್ಟೆ ಕತ್ತರಿಸುವ ಜಾಗಕ್ಕೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ನಡುವೆಯೇ ಕತ್ತರಿ ಆಡಿಸಿ. ಇಲ್ಲದಿದ್ದರೆ ಅಂಚು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹೊದಿಸುವಾಗ ಎಳೆಯಬೇಡಿ, ಒತ್ತಿ ಸಾಕು.

ಬಟ್ಟೆ ಕೂತ ಮೇಲೆ ಪಾರದರ್ಶಕ ಎಪಾಕ್ಸಿ ಬಳಿಯಿರಿ. ಕೋಟ್ ಮತ್ತೆ ಅಂಟಂಟಾದಾಗ ಮುಂದಿನದು. ನೇಯ್ಗೆಯ ತಗ್ಗು ಮುಚ್ಚುವವರೆಗೂ ಹೀಗೇ. ಸಲಕ್ಕೆ ಸ್ವಲ್ಪವೇ ಕಲಸಿ, ಕಪ್ ತುಂಬಾ ಕಲಸಿಟ್ಟರೆ ತಾನಾಗಿ ಬಿಸಿಯಾಗಿ ಗಟ್ಟಿಯಾಗಿಬಿಡುತ್ತದೆ. ಕರಾವಳಿ, ಮಲೆನಾಡಿನ ಕಡೆಯವರಾದರೆ ಮಳೆಗಾಲದಲ್ಲಿ ಒಣಗಿದ ಮೇಲೆ ಜಿಡ್ಡಿನ ಪೊರೆ ಕಾಣಬಹುದು. ಉಜ್ಜುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ.

ಪೂರ್ತಿ ಗಟ್ಟಿಯಾದ ಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿಕೊಂಡು ಉಜ್ಜುವ ಉಪ್ಪು ಕಾಗದ. 240ರಿಂದ ಸಮ ಮಾಡಿ, 400, 600, 800, 1200, 2000 ಅಂತ ಏರುತ್ತಾ ಹೋಗಿ, ಕೊನೆಗೆ ಹೊಳಪಿಗೆ ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್. ಹರಿಯುವ ನೀರಿನ ಬಣ್ಣ ನೋಡುತ್ತಿರಿ. ಹಾಲಿನ ಹಾಗೆ ಬೆಳ್ಳಗಿದ್ದರೆ ಸರಿ. ಕಪ್ಪಾಯಿತೋ, ಎಳೆಗೇ ಹೋಗಿದ್ದೀರಿ ಅಂತ ಅರ್ಥ. ನಿಲ್ಲಿಸಿ, ಒಣಗಿಸಿ, ಇನ್ನೊಂದು ಕೋಟ್ ಹಾಕಿ. ನೀರಿಲ್ಲದೆ ಉಜ್ಜಬೇಡಿ, ಆ ಧೂಳು ಮೈ ಕೆರೆಸುತ್ತದೆ, ಉಸಿರಿಗೂ ಒಳ್ಳೆಯದಲ್ಲ. ನೈಟ್ರೈಲ್ ಗ್ಲೌಸ್, ಎನ್95 ಮಾಸ್ಕ್ ಬಿಡಲೇಬೇಡಿ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು.

ಫ್ಲಾಸ್ಕಿನ ಸರದಿ ಬಂದಾಗ, ಎರಡು ಗೋಡೆಯ ವ್ಯಾಕ್ಯೂಮ್ ಫ್ಲಾಸ್ಕ್ ಆದರೆ ಹೊರಮೈ ಬಿಸಿಯಾಗಲ್ಲ, ಧೈರ್ಯವಾಗಿ ಹೊದಿಸಿ. ಬಾಯಿ ತಾಗುವ ಅಂಚಿಗಿಂತ ಒಂದೆರಡು ಸೆಂಟಿಮೀಟರ್ ಕೆಳಗೇ ನಿಲ್ಲಿಸಿ. ಸಾದಾ ಸ್ಟೀಲ್ ಲೋಟಕ್ಕೆ ಬೇಡ, ಬಿಸಿ ಕಾಫಿಗೆ ಮಾಮೂಲಿ ಎಪಾಕ್ಸಿ ಮೆತ್ತಗಾಗುತ್ತದೆ.