ಅಪ್ಪನಿಗೆ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿದೆ, ಬೆಣ್ಣೆ ದೋಸೆ ಕಾರಣವೇ ಎಂದಿದ್ದಕ್ಕೆ
ಇದು ಕ್ಯಾನ್ಸರ್ ಆಗಿದ್ದರೆ, ದೋಸೆಗಿಂತ ಅವರ ಮೂವತ್ತು ವರ್ಷದ ಬೀಡಿಯ ಮೇಲೇ ನನಗೆ ಅನುಮಾನ. ಹೊಗೆಯ ವಿಷ ಜೊಲ್ಲಿನ ಜೊತೆ ಇಳಿದು ಅನ್ನನಾಳ, ಜಠರ ಎರಡನ್ನೂ ಕೆಡಿಸುತ್ತದೆ. ರಕ್ತ ಸೇರಿ ಮೇದೋಜೀರಕ ಗ್ರಂಥಿಗೂ ಮುಟ್ಟುತ್ತದೆ. ಕೊಬ್ಬಿನದು ಬಳಸುದಾರಿ: ಬೊಜ್ಜು, ಹುಳಿತೇಗು ಹೆಚ್ಚಿಸಿ ಅಪಾಯ ತರುತ್ತದೆ. ವಾರಕ್ಕೊಂದು ದೋಸೆಗೆ ಹೆದರಬೇಡಿ, ದಿನಾ ಸಂಜೆಯ ಮಿರ್ಚಿ ಮಾತ್ರ ನಿಲ್ಲಿಸಿ.

ಗ್ಯಾಸ್ ಮಾತ್ರೆ ನುಂಗಿಸುತ್ತ ಕೂರಬೇಡಿ. ನಮ್ಮ ಮಾವನಿಗೆ ಹಾಗೆ ಮಾಡಿಯೇ ಮೂರು ತಿಂಗಳು ಕಳೆದುಕೊಂಡೆವು. ಈ ವಾರವೇ ದಾವಣಗೆರೆಯಲ್ಲಿ ಹೊಟ್ಟೆ-ಕರುಳಿನ ಡಾಕ್ಟರಿಗೆ ತೋರಿಸಿ, ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಕೇಳಿ. ಅದರ ಹಿಂದಿನ ರಾತ್ರಿ ಊಟದ ನಂತರ ಏನೂ ಕೊಡಬೇಡಿ, ಖಾಲಿ ಹೊಟ್ಟೆಯಲ್ಲೇ ಮಾಡುವುದು. ಕ್ಯಾನ್ಸರೋ ಬರೀ ಹುಣ್ಣೋ ಎಂಬುದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದ ಮೇಲೇ ಗೊತ್ತಾಗುವುದು. ತೂಕ ಇಳಿದಿದ್ದರೆ, ಮಲ ಕಪ್ಪಗಿದ್ದರೆ ಅದನ್ನೂ ಹೇಳಿ. ಬೀಡಿ ಬಿಡಿಸಲು ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಅವರಿಂದಲೇ ಫೋನ್ ಮಾಡಿಸಿ, ಕರೆಗೆ ದುಡ್ಡಿಲ್ಲ.