ಒಸಡಿನ ಕೀವಿಗೆ ಜಿಂಕ್ ಮಾತ್ರೆ

ಹೆಸರು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದವರು ಐವತ್ತು ದಾಟಿದ ಗೃಹಿಣಿ, ಮನೆಯಲ್ಲೇ ಹಪ್ಪಳ ಮಾಡಿ ಮಾರುವವರು. ಟೈಪ್ 2 ಮಧುಮೇಹಕ್ಕೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 8.6. ಹಲ್ಲುಜ್ಜಿದರೆ ರಕ್ತ, ಕೆಳದವಡೆಯ ಒಸಡಿನಲ್ಲಿ ಕೀವು. ದಂತವೈದ್ಯರು ಒಸಡಿನ ಒಳಗಿನವರೆಗೆ ಕ್ಲೀನಿಂಗ್ ಆಗಬೇಕೆಂದು ಹೇಳಿ, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಟ್ಟಿದ್ದರು. ಇವರು ಮಾತ್ರೆ ಕೊಂಡರು, ಕ್ಲೀನಿಂಗ್ ಮುಂದೂಡಿದರು.

ಕೈಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಜಿಂಕ್, ಮೆಗ್ನೀಷಿಯಂ, ಸೀಮೆಸುಣ್ಣದಂಥ ದಪ್ಪ ಕ್ಯಾಲ್ಸಿಯಂ ಮಾತ್ರೆ, ಮೇಲೊಂದು ಮಲ್ಟಿಮಿನರಲ್ ಕ್ಯಾಪ್ಸೂಲ್. "ಶುಗರ್ ಇದ್ದವರಿಗೆ ಖನಿಜಾಂಶ ಸೋರಿಹೋಗುತ್ತದಂತೆ ಮೇಡಂ, ಅದಕ್ಕೇ ಒಸಡು ಕೊಳೆಯುವುದಂತೆ," ಎಂದರು.

ಮಾತಿನ ಮೊದಲರ್ಧ ಸುಳ್ಳಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಮೂತ್ರದಲ್ಲಿ ಮೆಗ್ನೀಷಿಯಂ, ಜಿಂಕ್ ಹೆಚ್ಚು ಹೋಗುತ್ತವೆ. ಜಿಂಕ್ ಕೊರತೆಯಾದರೆ ಗಾಯ ಮಾಯುವುದೂ ತಡ. ಆದರೆ ಒಸಡಿನ ಕಾಯಿಲೆಯಲ್ಲಿ ಇಂಥ ಪೂರಕಗಳನ್ನು ಪರೀಕ್ಷಿಸಿರುವುದು ಹೆಚ್ಚಾಗಿ ಕ್ಲೀನಿಂಗ್ ಮಾಡಿದ ಮೇಲೆ, ಅದರ ಜೊತೆಗೆ. ಹಲ್ಲಿನ ಬೇರಿಗಂಟಿ ಕಲ್ಲಾದ ಪಾಚಿಯನ್ನು ಯಾವ ಮಾತ್ರೆಯೂ ಕರಗಿಸದು. ಅದನ್ನು ಕೆರೆದೇ ತೆಗೆಯಬೇಕು.

ಅವರನ್ನು ತಡೆದದ್ದು ಖನಿಜದ ಮೇಲಿನ ನಂಬಿಕೆಗಿಂತ ಕ್ಲೀನಿಂಗ್‌ನ ಭಯ ಎಂದು ನನಗೆ ಅನಿಸಿತು. ಕೇಳಿದೆ. ಅಕ್ಕನಿಗೆ ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಅಲುಗಾಡಿತಂತೆ. ಹಲ್ಲಿನ ಸುತ್ತಲ ಮೂಳೆ ಸವೆದದ್ದು ಮೊದಲೇ. ಗಟ್ಟಿಪಾಚಿ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿದ್ದರಿಂದ ಸಡಿಲ ಗೊತ್ತಾಗಿರಲಿಲ್ಲ. ಕೆಲವು ದಿನ ತಣ್ಣೀರು ಜುಂ ಎನ್ನಬಹುದು, ಸಂದುಗಳು ಕಾಣಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಒಸಡಿನ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ ಮೂರು-ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದಿರುವುದನ್ನೂ ತಿಳಿಸಿದೆ. ಆ ಲೆಕ್ಕ ಅವರಿಗೆ ಹಿಡಿಸಿತು; ಶುಗರ್ ಇಳಿಸಲು ಹಲ್ಲಿನ ಡಾಕ್ಟರು ಎಂದು ನಕ್ಕರು.

ಇನ್ನು ಡಬ್ಬಿ. ಜಿಂಕ್ ಪಟ್ಟಿಯ ಹಿಂದೆ 50 ಮಿಲಿಗ್ರಾಂ ಎಂದಿತ್ತು, ಕ್ಯಾಪ್ಸೂಲಿನಲ್ಲಿ ಮತ್ತಷ್ಟು. ವಯಸ್ಕರಿಗೆ ದಿನಕ್ಕೆ 40 ದಾಟಬಾರದೆಂಬುದು ಸಾಮಾನ್ಯ ಮಿತಿ. ದೀರ್ಘಕಾಲ ಮೀರಿದರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ರಕ್ತಹೀನತೆ ಬರಬಹುದು. ಬೆಳಗಿನ ವಾಕರಿಕೆಗೆ ಅವರು ಮೆಟ್‌ಫಾರ್ಮಿನ್ ಅನ್ನು ದೂರುತ್ತಿದ್ದರು; ಬರಿಹೊಟ್ಟೆಯಲ್ಲಿ ನುಂಗಿದ ಜಿಂಕ್‌ನಿಂದಲೂ ಹಾಗಾಗಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಮೆಗ್ನೀಷಿಯಂ ದೇಹದಲ್ಲಿ ಉಳಿದು ತೊಂದರೆ ಕೊಡುತ್ತದೆ. ಹಾಗಾಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಅದು ಬೇಡ. ಎಲ್ಲಕ್ಕಿಂತ ಕೆಟ್ಟದ್ದು, ಡಾಕ್ಸಿಸೈಕ್ಲಿನ್ ಜೊತೆಗೇ ಕ್ಯಾಲ್ಸಿಯಂ ನುಂಗುತ್ತಿದ್ದುದು. ಎರಡೂ ಹೊಟ್ಟೆಯಲ್ಲೇ ಅಂಟಿಕೊಂಡು ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಡಬ್ಬಿಯನ್ನು ಹಾಗೆಯೇ ದಂತವೈದ್ಯರಿಗೂ ಶುಗರ್ ನೋಡುವ ವೈದ್ಯರಿಗೂ ತೋರಿಸಿ, ಅವರು ಹೇಳುವವರೆಗೆ ಅದರಲ್ಲಿರುವುದನ್ನು ನುಂಗಬೇಡಿ ಎಂದೆ. ಪಾದದಲ್ಲಿ ಜುಮುಜುಮು ಎಂದಿದ್ದರಿಂದ ವಿಟಮಿನ್ ಬಿ12 ಪರೀಕ್ಷೆಯನ್ನು ವೈದ್ಯರಲ್ಲಿ ಕೇಳಲು ಚೀಟಿಯಲ್ಲಿ ಬರೆದುಕೊಟ್ಟೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆ ಅಪರೂಪವಲ್ಲ.

ಏಳುವ ಹೊತ್ತಿಗೆ ಬಾಯಲ್ಲಿ ಕೆಂಪು ಕಂಡಿತು. ಎಲೆಯಡಿಕೆ, ಜೊತೆಗೆ ಕಡ್ಡಿಪುಡಿ. "ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ಲವೇ ಮೇಡಂ?" ನನಗೂ ನಗು ಬಂತು. ಆದರೆ ಒಸಡಿಗೆ ಹೊಗೆಸೊಪ್ಪು ಮಾಡುವ ಹಾನಿಯನ್ನು ಆ ಡಬ್ಬಿಯ ಯಾವ ಮಾತ್ರೆಯೂ ತುಂಬದು ಎಂದು ಹೇಳಿಯೇ ಕಳಿಸಿದೆ.

ಕೆಳದವಡೆಯ ಕ್ಲೀನಿಂಗ್ ಆಗಿದೆ. ನಾನು ಹೇಳಿದಂತೆ ತಿಂಡಿ, ಮಾತ್ರೆ ತಪ್ಪಿಸದೆ ಬೆಳಗಿನ ಹೊತ್ತಿಗೇ ಹೋಗಿದ್ದರು. ಮೇಲ್ದವಡೆಗೆ ದಿನ ಗೊತ್ತಾಗಿದೆ. ಕಡ್ಡಿಪುಡಿ ಬಿಡುವ ಮಾತಿಗೆ ಮಾತ್ರ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಯಲ್ಲಿ ಅದೇ ಮೊದಲ ವಿಷಯ.