ಹೆಂಡತಿಗೆ ಕಡಲ ತಳ ತೋರಿಸುವ ಆಸೆ

ಪ್ರಶ್ನೆ: ಕಳೆದ ವರ್ಷ ಗೆಳೆಯರ ಜೊತೆ ಅಂಡಮಾನಿಗೆ ಹೋದಾಗ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೆ ಇಳಿಯುವುದನ್ನು ಕಲಿತು ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ ಪಡೆದೆ. ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಈಜು ಬರುವುದಿಲ್ಲ, ನೀರು ಸೊಂಟದ ಮೇಲೆ ಬಂದರೆ ಹೆದರುತ್ತಾಳೆ. ಜನವರಿಯಲ್ಲಿ ನಮ್ಮ ಮದುವೆಯ ದಿನಕ್ಕೆ ಮುರುಡೇಶ್ವರಕ್ಕೆ ಕರೆದುಕೊಂಡು ಹೋಗಿ, ಮುಂಚೆ ಹೇಳದೆ ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡಿಸಿ ಸರ್‌ಪ್ರೈಸ್ ಕೊಡಬೇಕೆಂದಿದ್ದೇನೆ. ನೀರಿನೊಳಗೆ ನಾನೇ ಕೈ ಹಿಡಿದುಕೊಂಡಿರುತ್ತೇನೆ. ಶನಿವಾರ ರಾತ್ರಿ ಬಸ್ಸು, ಭಾನುವಾರ ಡೈವ್, ಅಂದೇ ರಾತ್ರಿ ಬಸ್ಸಿಗೆ ವಾಪಸ್. ಅವಳಿಗೆ ಧೈರ್ಯ ತುಂಬುವುದು ಹೇಗೆ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆಸೆ ಚೆನ್ನಾಗಿದೆ, ಪ್ಲಾನು ಚೆನ್ನಾಗಿಲ್ಲ. ಮೊದಲು ಆ ಸರ್‌ಪ್ರೈಸ್ ಕೈಬಿಡಿ. ಬೋಟು ಹತ್ತಿದ ಮೇಲೆ ‘ನನಗೆ ಬೇಡ’ ಅನ್ನುವುದು ಎಷ್ಟು ಕಷ್ಟ ಎಂದು ಡೈವಿಂಗ್ ಕಲಿಸುವ ನಾನು ಸೀಸನ್ ತುಂಬಾ ನೋಡುತ್ತಿರುತ್ತೇನೆ. ದಡದಿಂದ ಸುಮಾರು 19 ಕಿಲೋಮೀಟರ್ ಬಂದಾಗಿದೆ, ದುಡ್ಡು ಕಟ್ಟಾಗಿದೆ, ಗಂಡ ಕ್ಯಾಮೆರಾ ಹಿಡಿದು ನಗುತ್ತಿದ್ದಾನೆ, ಹಿಂದೆ ನಾಲ್ಕಾರು ಜನ ಸರದಿಗೆ ಕಾಯುತ್ತಿದ್ದಾರೆ. ಆ ಹೊತ್ತಿನಲ್ಲಿ ‘ಹೂಂ’ ಅಂದರೆ ಅದನ್ನು ಒಪ್ಪಿಗೆ ಅಂತ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನೂ ಒಂದಿದೆ. ಡೈವ್‌ಗೆ ಮುಂಚೆ ಆರೋಗ್ಯದ ಫಾರಂ ತುಂಬಬೇಕು: ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಗರ್ಭಿಣಿಯಾಗಿರುವ ಸಾಧ್ಯತೆ, ಹೀಗೆ. ಗರ್ಭಿಣಿಯರು ಡೈವ್ ಮಾಡುವಂತೆಯೇ ಇಲ್ಲ. ಉಳಿದವುಗಳಲ್ಲಿ ಯಾವುದಕ್ಕಾದರೂ ಹೌದು ಅಂದರೆ ಡಾಕ್ಟರ ಚೀಟಿ ಬೇಕು. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕಡಲ ದಂಡೆಯಲ್ಲಿ ಡಾಕ್ಟರನ್ನು ಎಲ್ಲಿಂದ ತರುತ್ತೀರಿ? ಎಲ್ಲರೂ ಕಣ್ಣು ಮುಚ್ಚಿ ‘ಇಲ್ಲ’ ಅಂತಲೇ ಬರೆಯುತ್ತಾರೆ. ಇವತ್ತೇ ಅವರಿಗೆ ವಿಷಯ ಹೇಳಿ, ಫಾರಂ ಈಗಲೇ ತರಿಸಿ ಓದಲು ಕೊಡಿ.

ಎರಡನೆಯದು ಜಾಗ. ಇದೇ ಕರಾವಳಿಯವಳಾಗಿ ಹೀಗೆ ಬರೆಯುವುದು ನನಗೆ ಸುಲಭವಲ್ಲ, ಆದರೂ ಹೇಳುತ್ತೇನೆ: ನೀರಿಗೆ ಹೆದರುವವರ ಮೊದಲ ಉಸಿರು ನೇತ್ರಾಣಿಯಲ್ಲಿ ಬೇಡ. ಅದು ಬಂಡೆಯ ದ್ವೀಪ, ಇಳಿದು ನಿಲ್ಲಲು ಮರಳು ದಂಡೆ ಇಲ್ಲ. ಬೋಟಿನಿಂದ ನೇರ ನೀರಿಗೇ ಇಳಿಯಬೇಕು, ಕಾಲಿಗೆ ಏನೂ ಸಿಗುವುದಿಲ್ಲ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ನೀವು ಹ್ಯಾವ್‌ಲಾಕ್ ಎಂದು ತಿಳಿದಿರುವ ಜಾಗದಲ್ಲಿ, ನೀಮೋ ರೀಫ್ ಎಂಬ ಹವಳದ ದಿಬ್ಬಕ್ಕೆ ದಡದಿಂದಲೇ ನಡೆದುಕೊಂಡು ಹೋಗಬಹುದು. ಮೊಣಕಾಲು, ಸೊಂಟ, ಎದೆ, ಎಲ್ಲಿ ಬೇಕಾದರೂ ನಿಂತು ‘ಇಷ್ಟು ಸಾಕು’ ಅನ್ನಬಹುದು. ಅಷ್ಟು ದೂರ ಹೋಗುವ ರಜೆ, ದುಡ್ಡು ಇಲ್ಲವೆಂದರೆ ಬೆಂಗಳೂರಿನಲ್ಲೇ ಈಜುಕೊಳದಲ್ಲಿ ಸ್ಕೂಬಾ ಪರಿಚಯ ಮಾಡಿಸುವವರಿದ್ದಾರೆ. ಒಂದು ಸಂಜೆ ಅಲ್ಲಿ ಕಳೆದು ಆಮೇಲೆ ನೇತ್ರಾಣಿಯ ಮಾತಾಡಿ. ಆಗ ಹೋದರೆ ನಿಜಕ್ಕೂ ಖುಷಿಪಡುತ್ತಾರೆ. ಗಿಣಿಮೀನು, ಚಿಟ್ಟೆಮೀನುಗಳ ಹಿಂಡು ಅಲ್ಲಿ ಮೈಗೆ ತಾಗುವಷ್ಟು ಹತ್ತಿರ ಬರುತ್ತದೆ. ಮಳೆಗಾಲ ಬಿಟ್ಟರೆ ಅಕ್ಟೋಬರಿನಿಂದ ಮೇವರೆಗೆ ಸೀಸನ್, ಜನವರಿ ಒಳ್ಳೆಯ ತಿಂಗಳೇ.

ಈಜು ಬಾರದಿರುವುದು ಅಡ್ಡಿಯಲ್ಲ. ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಮಾಡಿಸುವ ಮೊದಲ ಡೈವ್‌ಗೆ ಈಜು ಕೇಳುವುದಿಲ್ಲ, ನಿಮ್ಮಂತೆ ಸರ್ಟಿಫಿಕೇಟ್ ಬೇಕೆಂದರೆ ಮಾತ್ರ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ನನ್ನ ಬಳಿ ಬರುವ ಈಜು ಬಾರದ ಹೆಂಗಸರಲ್ಲಿ ಹೆಚ್ಚಿನವರನ್ನು ಕಾಡುವುದು ಆಳಕ್ಕಿಂತ ಮೂಗು. ಮಾಸ್ಕ್ ಮೂಗನ್ನು ಪೂರ್ತಿ ಮುಚ್ಚಿಬಿಡುತ್ತದೆ. ಬಾಯಲ್ಲಷ್ಟೇ ಉಸಿರಾಡಿ ಅಂದರೆ ಉಸಿರೇ ಕಟ್ಟಿದಂತಾಗುತ್ತದೆ. ಇದಕ್ಕೆ ಕಡಲು ಬೇಕಿಲ್ಲ. ಒಂದು ಮಾಸ್ಕ್, ಬಾಯಲ್ಲಿ ಉಸಿರಾಡುವ ಕೊಳವೆ ಸ್ನಾರ್ಕಲ್ ಕೊಂಡು ತನ್ನಿ. ಮನೆಯಲ್ಲಿ ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡಿರಲಿ. ಅತ್ತೆ ಮಾವ ನಕ್ಕರೆ ನಗಲಿ. ನಾಲ್ಕು ದಿನ ಕಳೆದು ಟಬ್ಬಿನ ನೀರಿನಲ್ಲಿ ಮುಖ ಇಟ್ಟು ಉಸಿರಾಡಲಿ.

ಈಜುಕೊಳದಲ್ಲಿ ಏನಾಗುತ್ತದೆ ಎಂಬುದನ್ನೂ ಅವರಿಗೆ ಮೊದಲೇ ಹೇಳಿ. ಮಂಡಿಯೂರಿದರೆ ತಲೆ ಮುಳುಗುವಷ್ಟು ನೀರು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರಿನ ರಬ್ಬರನ್ನು ಹಲ್ಲಿನಲ್ಲಿ ಮೆತ್ತಗೆ ಕಚ್ಚಿಕೊಂಡು ಕೂರಬೇಕು. ಉಸಿರೆಳೆದರೆ ಸುಯ್ಯೆನ್ನುತ್ತದೆ, ಬಿಟ್ಟರೆ ಕೆನ್ನೆಯ ಪಕ್ಕದಲ್ಲೇ ಗುಳುಗುಳು ಗುಳ್ಳೆ ಏಳುತ್ತದೆ. ಎರಡು ಮೂರು ಉಸಿರಿಗೆ ಹೆಚ್ಚಿನವರು ದಡಕ್ಕನೆ ಎದ್ದು ನಿಲ್ಲುತ್ತಾರೆ. ನಿಲ್ಲಲಿ ಬಿಡಿ. ನಾನಂತೂ ಆಗ ಏನೂ ಮಾತಾಡುವುದಿಲ್ಲ, ಮಾಸ್ಕ್ ಮೇಲೆತ್ತಿಕೊಂಡು ಕೆಮ್ಮಿ, ನಕ್ಕು, ಅವರೇ ಮತ್ತೆ ಕೂರುವವರೆಗೆ ಕಾಯುತ್ತೇನೆ. ಆಮೇಲೆ ರೆಗ್ಯುಲೇಟರ್ ಬಾಯಿಂದ ತೆಗೆದು, ಸಣ್ಣಗೆ ಗುಳ್ಳೆ ಬಿಡುತ್ತಾ, ಮತ್ತೆ ಬಾಯಿಗಿಟ್ಟು ‘ಫೂ’ ಎಂದು ಊದಿ ನೀರು ಹೊರಹಾಕುವುದನ್ನು ಕಲಿಸುತ್ತೇವೆ. ಮಾಸ್ಕಿಗೆ ನೀರು ನುಗ್ಗಿದರೆ ಅದರ ಮೇಲಂಚನ್ನು ಒತ್ತಿ ಹಿಡಿದು, ಮುಖ ಮೇಲೆತ್ತುತ್ತಾ ಮೂಗಿನಿಂದ ಊದಬೇಕು. ಇವೆರಡು ಕೈಗೆ ಹತ್ತಿದರೆ ಅರ್ಧ ಹೆದರಿಕೆ ಅಲ್ಲೇ ಕಳೆಯುತ್ತದೆ. ಅಂದಹಾಗೆ ಸಿಲಿಂಡರಿನಲ್ಲಿರುವುದು ಆಕ್ಸಿಜನ್ ಎಂದು ಅವರಿಗೆ ಹೇಳಬೇಡಿ. ನಾವು ಉಸಿರಾಡುವ ಇದೇ ಗಾಳಿಯನ್ನು ಒತ್ತಿ ತುಂಬಿರುತ್ತಾರೆ, ಅಷ್ಟೇ. ಆಸ್ಪತ್ರೆಯ ನೆನಪು ಯಾಕೆ?

ಇನ್ನು ಕಿವಿ. ತೀರ್ಥಹಳ್ಳಿಯವರು ಅಂದಿರಿ, ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುವುದು ಅವರಿಗೆ ಗೊತ್ತೇ ಇರುತ್ತದೆ. ಇದೂ ಅದೇ, ಆದರೆ ಬೇಗ. ಇಡೀ ಘಾಟಿ ಇಳಿದರೆ ಆಗುವಷ್ಟು ಒತ್ತಡದ ವ್ಯತ್ಯಾಸ ನೀರಿನಲ್ಲಿ ಒಂದು ಮೀಟರಿನೊಳಗೇ ಆಗಿಹೋಗುತ್ತದೆ. 10 ಮೀಟರಿಗೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಹಾಗಾಗಿ ನೋವು ಶುರುವಾಗುವ ಮುಂಚೆಯೇ ಮೂಗು ಹಿಡಿದು ಮೆತ್ತಗೆ ಊದುತ್ತಾ ಇಳಿಯಬೇಕು. ನೆಗಡಿ ಇದ್ದರೆ ಆ ದಿನ ಡೈವ್ ಇಲ್ಲ, ಎಷ್ಟು ದುಡ್ಡು ಕಟ್ಟಿದ್ದರೂ ಇಲ್ಲ. ಮತ್ತೆ, ಉಸಿರು ಯಾವತ್ತೂ ಬಿಗಿಹಿಡಿಯಬಾರದು. ಬಿಗಿಹಿಡಿದು ಮೇಲೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಸ್ಕೂಬಾದಲ್ಲಿ ನಾನು ಗದರಿಸಿ ಹೇಳುವ ಮಾತು ಇದೊಂದೇ.

ಈಗ ನಿಮ್ಮ ವಿಷಯ. ಕೈ ಹಿಡಿಯುವುದು ಬೇಡ. ಒಂದು ಕೈ ಮೂಗಿಗೆ ಬೇಕು, ಇನ್ನೊಂದನ್ನು ನೀವು ಹಿಡಿದರೆ ಇನ್‌ಸ್ಟ್ರಕ್ಟರಿಗೆ ಸನ್ನೆ ಮಾಡುವುದು ಹೇಗೆ? ಗಂಡ ಪಕ್ಕದಲ್ಲಿದ್ದರೆ ಅವರು ಗಂಡನ ಮುಖವನ್ನೇ ನೋಡುತ್ತಾರೆ, ಗಂಡನಿಗೋ ‘ಮೀನು ನೋಡು, ಅಲ್ಲಿ ನೋಡು’ ಎಂಬ ಆತುರ. ನಿಮ್ಮ ಕಾರ್ಡು ನಿಮ್ಮಂತೆಯೇ ಕಲಿತವರ ಜೊತೆ 18 ಮೀಟರ್‌ವರೆಗೆ ಹೋಗಲು ಕೊಟ್ಟದ್ದು, ಹೊಸಬರನ್ನು ನೋಡಿಕೊಳ್ಳಲು ಕೊಟ್ಟದ್ದಲ್ಲ. ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್ ಕೊಡುತ್ತೀರಾ ಎಂದು ಕೇಳಿ ಬುಕ್ ಮಾಡಿ. ನೀವು ಸ್ವಲ್ಪ ದೂರದಲ್ಲಿ, ಅವರ ಕಣ್ಣಿಗೆ ಕಾಣುವಂತೆ ಇರಿ. ಸನ್ನೆಯನ್ನು ಮಾತ್ರ ಮನೆಯಲ್ಲೇ ಅಭ್ಯಾಸ ಮಾಡಿಸಿ. ನೀರಿನಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಸೂಪರ್’ ಎಂದು ಹೆಬ್ಬೆರಳು ತೋರಿಸಿ, ಇನ್‌ಸ್ಟ್ರಕ್ಟರ್ ಸೀದಾ ಮೇಲೆ ತಂದುಬಿಟ್ಟಾಗ ಮುನಿಸಿಕೊಂಡವರು ಬೇಕಾದಷ್ಟು ಜನ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ತಲೆ ಅಲ್ಲಾಡಿಸುವ ನಮ್ಮ ಅಭ್ಯಾಸ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ನೇತ್ರಾಣಿಗೇ ಹೋಗುವುದಾದರೆ ಬೋಟಿನಲ್ಲಿ ಒಂದು ಗಂಟೆಯ ಮೇಲೆ ಬೇಕು. ಎಷ್ಟೋ ಜನರ ದಿನ ಕೆಡುವುದು ಅಲ್ಲಿಯ ವಾಂತಿಯಿಂದ. ಬೆಳಗ್ಗೆ ಪೂರಿ ಬೇಡ, ಎರಡು ಇಡ್ಲಿ ಸಾಕು, ಖಾಲಿ ಹೊಟ್ಟೆಯಂತೂ ಬೇಡ. ವಾಂತಿಯ ಮಾತ್ರೆಗಳಲ್ಲಿ ಕೆಲವು ನಿದ್ದೆ ಬರಿಸುತ್ತವೆ, ಡಾಕ್ಟರನ್ನು ಕೇಳಿ, ಬೆಂಗಳೂರಿನಲ್ಲೇ ಒಮ್ಮೆ ತೆಗೆದುಕೊಂಡು ನೋಡಲಿ. ಹೆಂಗಸರು ನನ್ನ ಕಿವಿಯಲ್ಲಿ ಕೇಳುವ ಮಾತುಗಳಿಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಮುಟ್ಟಿನ ದಿನ ನೀರಿಗೆ ಇಳಿಯಬಹುದು, ಮೀನೇನೂ ಹುಡುಕಿಕೊಂಡು ಬರುವುದಿಲ್ಲ. ಡೈವ್‌ಗೆ ಹಾಕುವ ಮೈಗಂಟುವ ವೆಟ್‌ಸೂಟ್ ಒಳಗೆ ಲೆಗ್ಗಿಂಗ್ಸ್, ಟೀ ಶರ್ಟ್ ಹಾಕಿಕೊಳ್ಳಬಹುದು. ಕರಿಮಣಿ ಸರ ತೆಗೆಯಲು ಮನಸ್ಸಿಲ್ಲದಿದ್ದರೆ ಸೂಟಿನ ಒಳಗಿರಲಿ. ಕೂದಲಿಗೆ ಎಣ್ಣೆ ಬೇಡ, ಮಾಸ್ಕಿನ ಪಟ್ಟಿ ಜಾರುತ್ತದೆ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಬುಕ್ ಮಾಡುವಾಗಲೇ ಕೇಳಬೇಕು.

ರಾತ್ರಿ ಬಸ್ಸಿನ ಲೆಕ್ಕ ಬೇರೆ ಮಾಡಿ. ಡೈವ್ ಮುಗಿದ ಬೆನ್ನಿಗೇ ಎತ್ತರಕ್ಕೆ ಏರುವುದು ಅಪಾಯ. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದು ಡೈವ್‌ಗಾದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು. ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಮೇಲೆ ರಸ್ತೆಯಲ್ಲಿ ಹೋಗುವವರಿಗೂ ಇದೇ ಲೆಕ್ಕ ಹಿಡಿಯುವುದು ಒಳ್ಳೆಯದು. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಅವರದು ಒಂದೇ ಡೈವ್ ಆದರೂ ನೀವು ಎರಡು ಮಾಡದೆ ಬಿಡುವವರಲ್ಲ. ಸೋಮವಾರ ರಜೆ ಹಾಕಿ. ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಬೆಳಗ್ಗೆಯೇ ನೀರಿಗೆ ಇಳಿಯುವುದೂ ತಪ್ಪು, ಶನಿವಾರ ಬೆಳಗ್ಗೆಯೇ ಹೊರಡಿ.

ಇಷ್ಟೆಲ್ಲ ಆಗಿ, ಕೊನೆಗೆ ಬೋಟಿನ ಅಂಚಿನಲ್ಲಿ ಅವರು ಬೇಡ ಅಂದರೆ ‘ಆಯ್ತು’ ಅನ್ನಿ, ಒಂದೇ ಸಲ. ‘ಪರವಾಗಿಲ್ಲ, ಇಷ್ಟು ದೂರ ಬಂದು...’ ಎಂದು ಶುರು ಮಾಡಬೇಡಿ.

ಪ್ರಶ್ನೆ: ನನ್ನ ಯಜಮಾನರಿಗೆ ಡೈವಿಂಗ್ ಹುಚ್ಚು. ಈ ವರ್ಷ ಮಾಲ್ಡೀವ್ಸ್‌ಗೆ ಹೋಗೋಣ, ನೀನೂ ಇಳಿ ಅನ್ನುತ್ತಾರೆ. ನನಗೆ ಚಿಕ್ಕಂದಿನಿಂದ ಆಸ್ತಮಾ, ಇನ್ಹೇಲರ್ ಬಳಸುತ್ತೇನೆ. ಹೆಲ್ಮೆಟ್ ಹಾಕಿ ಕಡಲ ತಳದಲ್ಲಿ ನಡೆಸುವ ಸೀ ವಾಕ್ ಆದರೂ ಮಾಡಬಹುದೇ?
– ಓದುಗಿ, ಮೈಸೂರು

ಉತ್ತರ: ಸೀ ವಾಕ್‌ನಲ್ಲಿ ತಲೆ ಒಣಗಿರುತ್ತದೆ, ಕನ್ನಡಕವೂ ಹಾಕಿಕೊಳ್ಳಬಹುದು, ನೋಡಲು ಆಟದಂತಿದೆ. ಆದರೆ ಆ ಆಳದಲ್ಲಿ ಉಸಿರಾಡುವುದು ಸ್ಕೂಬಾದಂತೆಯೇ ಒತ್ತಡದ ಗಾಳಿಯನ್ನು. ಶ್ವಾಸಕೋಶಕ್ಕೆ ಎರಡೂ ಒಂದೇ, ಎದೆರೋಗದ ಡಾಕ್ಟರು ನೋಡಿ ಬರೆದುಕೊಡದೆ ಎರಡೂ ಬೇಡ. ಫಾರಂನಲ್ಲಿ ಆಸ್ತಮಾ ಮುಚ್ಚಿಡಲು ಯಾರು ಹೇಳಿದರೂ ಕೇಳಬೇಡಿ, ಯಜಮಾನರೇ ಹೇಳಿದರೂ.

ಅದೇ ಡಾಕ್ಟರನ್ನು ಸ್ನಾರ್ಕಲಿಂಗ್, ಅಂದರೆ ನೀರಿನ ಮೇಲೆ ತೇಲುತ್ತಾ ಕೊಳವೆಯಲ್ಲಿ ಉಸಿರಾಡಿ ಕೆಳಗೆ ನೋಡುವುದರ ಬಗ್ಗೆ ಕೇಳಿ. ಆಸ್ತಮಾ ಹತೋಟಿಯಲ್ಲಿದ್ದರೆ ಬಹಳ ಮಂದಿಗೆ ಒಪ್ಪುತ್ತಾರೆ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಇನ್ಹೇಲರ್ ಬೋಟಿನಲ್ಲಿರಲಿ. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಬೇಡ, ಉಸಿರು ಕಟ್ಟಿದರೆ ಅದನ್ನು ತಕ್ಷಣ ಕಿತ್ತೆಸೆಯುವುದು ಕಷ್ಟ. ರಜೆ ಹೊಂದಿಸಿಕೊಳ್ಳಲು ಆಗುವುದಾದರೆ ಜೂನ್‌ನಿಂದ ನವೆಂಬರ್ ಒಳಗೆ ಮಾಲ್ಡೀವ್ಸ್‌ನ ಬಾ ಅಟಾಲ್ ಎಂಬ ದ್ವೀಪಗಳ ಗುಂಪಿನ ಕಡೆ ಹೋಗಿ. ಅಲ್ಲಿಯ ಹನಿಫಾರು ಕೊಲ್ಲಿಗೆ ಮಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲಾಂಕ್ಟನ್ ತಿನ್ನಲು ಗುಂಪುಗುಂಪಾಗಿ ಬರುತ್ತವೆ, ಚಾಚಿದ ಕೈಗಳಿಗಿಂತ ಅಗಲದ ರೆಕ್ಕೆ, ಬಾಯಿ ತೆರೆದುಕೊಂಡೇ ಸುತ್ತುತ್ತವೆ. ಆ ಕೊಲ್ಲಿಯಲ್ಲಿ ಸ್ಕೂಬಾ ನಿಷೇಧ, ಸ್ನಾರ್ಕಲಿಂಗ್ ಮಾತ್ರ. ನಿಮ್ಮ ಯಜಮಾನರು ಸಿಲಿಂಡರ್ ಬಿಟ್ಟು ನಿಮ್ಮ ಪಕ್ಕದಲ್ಲೇ ತೇಲಬೇಕಾಗುತ್ತದೆ.